ದಾಲ್ಸು ತೊಳೆದ ಭರಣಿ

ಸುಂಚಾಂಗ್ ಬಸ್ ನಿಲ್ದಾಣದ ಹಿಂದೆ ಒಕ್‌ಬುನ್ ಸಾರಿನಂಗಡಿ ಇಟ್ಟು ಮೂವತ್ತೆಂಟು ವರ್ಷವಾಗಿತ್ತು. ಈಚಿನ ಮೂರು ವರ್ಷ ಚಿಕ್ಕಪ್ಪನ ಮಗ ದಾಲ್ಸು ಅವಳ ಜೊತೆಗಿದ್ದ. ಸೈನ್ಯದ ಉಗ್ರಾಣದಿಂದ ನಿವೃತ್ತನಾದವನು. ಹೆಂಡತಿ ಯೊನ್ಸಿಲ್ ಬಿಟ್ಟುಹೋದ ಮೇಲೆ ಅನ್ನ ಬೇಯಿಸಲೂ ಬಾರದೆ ಅಕ್ಕನ ಮನೆ ಸೇರಿದ್ದ. ಅಂಗಡಿಯ ಚಮಚಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಒರೆಸುವ ಬಟ್ಟೆಗೂ ಇಸ್ತ್ರಿ ಹಾಕುತ್ತಿದ್ದ. ತಾನು ಉಂಡ ಬಟ್ಟಲನ್ನು ಮಾತ್ರ ಮೇಜಿನ ಮೇಲೇ ಬಿಟ್ಟು ಏಳುತ್ತಿದ್ದ.

ಸೊಂಟ ಹಿಡಿದು ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಒಕ್‌ಬುನ್, "ಹಿತ್ತಲ ಭರಣಿಗಳ ಮುಚ್ಚಳ ತೆಗೆದಿಡು, ಬಿಸಿಲು ಬೀಳ್ಲಿ" ಎಂದಿದ್ದಳು. ಮಧ್ಯಾಹ್ನ ಬಂದಾಗ ಮೂಲೆಯ ಭರಣಿ ತಲೆಕೆಳಗಾಗಿ ಹೊಳೆಯುತ್ತಿತ್ತು.

"ಒಳಗಿದ್ದ ಸೋಯಾ ರಸ ಎಲ್ಲೋ?"

"ಥೂ ಅಕ್ಕ, ಬೂಸ್ಟು ಹಿಡಿದು ಕರ್ರಗಾಗಿತ್ತು. ಚರಂಡಿಗೆ ಚೆಲ್ದೆ. ಮೂರು ಸಲ ಉಜ್ಜಿದೀನಿ, ಬೇಕಾದ್ರೆ ಮುಖ ನೋಡ್ಕೋ!"

ಉಳಿದ ಭರಣಿಗಳಲ್ಲಿದ್ದದ್ದು ಹೊಸದು; ಇದು ಅಜ್ಜಿಯ ರಸ. ಪ್ರತಿ ವಸಂತದಲ್ಲಿ ಅದಕ್ಕೇ ಹೊಸದನ್ನು ಬೆರೆಸುತ್ತ, ಮೊಸರಿನ ಹೆಪ್ಪಿನಂತೆ ಮುಂದುವರಿಸಿಕೊಂಡು ಬಂದದ್ದು. ಯುದ್ಧದಲ್ಲಿ ಅಜ್ಜಿ ನೆಲದಲ್ಲಿ ಹೂತಿಟ್ಟು ಓಡಿದ್ದಳು, ಮರಳಿ ಬಂದು ಅಗೆದಿದ್ದಳು. ಒಕ್‌ಬುನ್ ಅಂಗಡಿಯ ಸಾರೆಂದರೆ ಆ ರಸವೇ.

ಅವಳು ಸೊಂಟ ಹಿಡಿದುಕೊಂಡೇ ಚರಂಡಿಯ ಬಳಿ ಹೋದಳು. ದಾಲ್ಸು ಚರಂಡಿಯ ಅಂಚಿಗೆ ಬೆರಳಿಟ್ಟು ನೆಕ್ಕಿದ. "ಇನ್ನೂ ರುಚಿ ಇದೆ ಅಕ್ಕ!"

"ಮೂರು ವರ್ಷ ಅದನ್ನೇ ಸುರಿದುಕೊಂಡು ಉಂಡ್ಯಲ್ಲೋ, ಇವತ್ತು ಗೊತ್ತಾಯ್ತಾ ರುಚಿ?"

ಅತ್ತು ಮುಗಿದ ಮೇಲೆ ನೆನಪಾಯಿತು: ಯೊನ್ಸಿಲ್ ಮದುವೆಯಾಗಿ ಬಂದಾಗ ಮನೆಯ ಪದ್ಧತಿಯಂತೆ ತಾನೇ ಅವಳಿಗೂ ಆ ರಸದ ಒಂದು ಪಾಲು ಕೊಟ್ಟಿದ್ದಳು.

ಮರುದಿನ ಇಬ್ಬರೂ ಅವಳಿರುವ ಗ್ವಾಂಗ್ಜು ನಗರದ ಬಸ್ಸು ಹತ್ತಿದರು. ಯೊನ್ಸಿಲ್‌ಳ ಬಾಗಿಲಲ್ಲಿ ದಾಲ್ಸು ಹಿಂದೆ ಸರಿದ. ಒಕ್‌ಬುನ್ ತೋಳು ಹಿಡಿದು ಎಳೆದಳು.

ಯೊನ್ಸಿಲ್ ಎಲ್ಲ ಕೇಳಿ, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಇಪ್ಪತ್ತಾರು ವರ್ಷ ಒಂದು ಬಟ್ಟಲು ತೊಳೀದೋರು ಭರಣಿ ತೊಳೆದ್ರಾ ಅತ್ತಿಗೆ?" ನಗು ನಿಂತಿತು. "ಆ ಮನೆಯಿಂದ ನಾನು ತಂದದ್ದು ಇದೊಂದೇ." ಬಾಲ್ಕನಿಯ ಪುಟ್ಟ ಭರಣಿಯಿಂದ ನೀರಿನ ಬಾಟಲಿಗೆ ಬಗ್ಗಿಸಿ ಒಕ್‌ಬುನ್ ಕೈಗಿಟ್ಟಳು. ಅವನ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಬಾಟಲಿ ಒಕ್‌ಬುನ್ ಮಡಿಲಲ್ಲಿತ್ತು.

"ಆ ಭರಣಿ ತುಂಬಿ ಹಳೇ ರುಚಿ ಬರೋಕೆ ಎಷ್ಟು ದಿನ ಬೇಕು?" ದಾಲ್ಸು ಕೇಳಿದ.

"ಹದಿನೈದು ವರ್ಷ."

ಅವಳಿಗಾಗಲೇ ಎಪ್ಪತ್ತನಾಲ್ಕು. ಅವನು ಬೆರಳು ಮಡಿಸಿ ಲೆಕ್ಕ ಹಾಕಿದ.

"ನಾನೇನು ಮಾಡ್ಲಿ?"

"ಬಿಸಿಲು ಬಂದ್ರೆ ಮುಚ್ಚಳ ತೆಗಿ. ಮೋಡ ಬಂದ್ರೆ ಮುಚ್ಚು. ದಿನಾ."

"ಭಾನುವಾರ?"

"ಸೂರ್ಯ ರಜಾ ಹಾಕಿದ್ರೆ ನೀನೂ ಹಾಕು."

ಸುಂಚಾಂಗ್ ಬಂತು. ಒಕ್‌ಬುನ್ ಏಳಲು ನೋಡಿದಳು, ಸೊಂಟ ಬಿಡಲಿಲ್ಲ. ಎರಡೂ ಕೈಯಿಂದ ಮುಂದಿನ ಸೀಟು ಹಿಡಿಯದೆ ಬೇರೆ ದಾರಿಯಿರಲಿಲ್ಲ. ಚಾಲಕ ಬೇಗ ಬೇಗ ಎನ್ನುತ್ತಿದ್ದ. ಅವಳು ಕಣ್ಣು ಮುಚ್ಚಿ ಬಾಟಲಿಯನ್ನು ದಾಲ್ಸುವಿನ ಕೈಗೆ ಕೊಟ್ಟಳು.