ಎರಡೂ ಕಡೆಯವರ ಆಮೆನ್

ಮೀನುಸಾರು ಕುದಿಯುವ ಮನೆಯಲ್ಲಿ ವೈರಿಗಳ ವಿರುದ್ಧದ ಪ್ರಾರ್ಥನೆಯೂ ಅಷ್ಟೇನೂ ಖಾರವೆನಿಸುವುದಿಲ್ಲ ಎಂಬುದು, ಮಿತ್ರರೇ, ನನ್ನ ಅನುಭವ. ಎಂಬತ್ತರ ದಶಕದಲ್ಲಿ ಕನ್ನಡ ಕ್ರೈಸ್ತರ ಪ್ರಾರ್ಥನಾ ಕೂಟ ಸರದಿಯಂತೆ ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿಗೂ ಬರುತ್ತಿತ್ತು. ಆಯಾ ಮನೆಯ ಹಿರಿಯರು ಪ್ರಾರ್ಥಿಸಬೇಕು. ದೇವರಿಗೆ ದೂರು ಕೊಡಬಹುದು, ಯಾರ ಹೆಸರನ್ನೂ ಎತ್ತಬಾರದು. ಉಳಿದವರು ಆಮೆನ್ ಅನ್ನಬೇಕು. ಇದು ಕೂಟದ ಕಟ್ಟಳೆ.

ನಮ್ಮ ಮನೆಯ ಹಿರಿಯರೆಂದರೆ ಮಂಗಳೂರಿನ ನನ್ನ ಅತ್ತೆ, ನಮ್ಮೆಲ್ಲರ ಮಾಮಿ. ಕ್ರಿಸ್‌ಮಸ್ ಹಾಡುಗಳನ್ನು ಎತ್ತಿಕೊಡುವುದು ಅವರೇ ಎಂಬ ರೂಢಿ, ಕೂಟಕ್ಕೆ ಹೊಸದಾಗಿ ಸೇರಿದ ಬೆಂಗಳೂರಿನ ಲಿಲ್ಲಿ ಕೀಬೋರ್ಡು ತಂದು, "ಆಂಟಿ, ಈ ಸಲ ನೀವು ರೆಸ್ಟ್ ತಗೊಳ್ಳಿ" ಅಂದಾಗ ಅಲುಗಾಡಿತು. ಹಾಡಿಸುವವರು ಯಾರೆಂದು ಆ ಸಂಜೆ ಪ್ರಾರ್ಥನೆಯಾದ ಮೇಲೆ ತೀರ್ಮಾನವಾಗಬೇಕಿತ್ತು. ಮಾಮಿಗೆ ಊಟವೂ ಸೇರುತ್ತಿರಲಿಲ್ಲ.

ಅವರು ಓದಲು ಆರಿಸಿಕೊಂಡದ್ದು, ತನಗೆ ಗುಂಡಿ ತೋಡಿದವರನ್ನು ಕ್ಷಮಿಸಬೇಡ, ಅವರ ಮಕ್ಕಳು ಹಸಿವಿಗೀಡಾಗಲಿ ಎಂದು ದೇವರಲ್ಲಿ ಮೊರೆಯಿಟ್ಟ, ಬೈಬಲ್ಲಿನ ಹೀಬ್ರೂ ಪ್ರವಾದಿಯೊಬ್ಬನ ಪ್ರಾರ್ಥನೆಯನ್ನು. ಆ ಸಿಡುಕನೆಂದರೆ ನನಗೆ ಪ್ರೀತಿ. ಕೋಲು ಹಿಡಿದು ಎದುರಾಳಿಯ ಬಾಗಿಲಿಗೆ ಹೋಗದೆ, ಸಿಟ್ಟನ್ನಷ್ಟೇ ಹೊತ್ತು ದೇವರ ಬಾಗಿಲಿಗೆ ಹೋದವನು. ದೇವರ ಮುಂದೆಯೂ ಸಭ್ಯತೆಯ ಮುಖ ಹೊತ್ತು ನಿಲ್ಲುವ ನಮಗಿಂತ ಎಷ್ಟೋ ವಾಸಿ.

ಅದನ್ನು ಓದಿ ಮುಗಿಸಿ ಮಾಮಿ ಕಣ್ಣು ಮುಚ್ಚಿದರು. "ಕರ್ತನೇ, ನಾನು ಅವರಿಗೆ ಎಂತ ಮಾಡಿದ್ದೇನೆ? ಒಳ್ಳೆಯದನ್ನೇ ಬಯಸಿದ್ದಲ್ವಾ? ನನ್ನ ಬಾಯಿ ಮುಚ್ಚಿಸಲಿಕ್ಕೆ ನೋಡುವವರಿಗೆ ನೀನೇ ಉತ್ತರ ಕೊಡು."

ಎಲ್ಲರಿಗಿಂತ ಜೋರಾಗಿ ಆಮೆನ್ ಅಂದದ್ದು ಲಿಲ್ಲಿ. ಕಣ್ಣೊರೆಸಿಕೊಂಡು, "ನನ್ನ ಮನಸ್ಸಲ್ಲಿದ್ದದ್ದನ್ನೇ ಹೇಳಿದ್ರಿ ಆಂಟಿ. ನಾನು ಬಂದಾಗಿಂದ ಒಂದು ಹಾಡು ಎತ್ತೋಕೂ ಬಿಟ್ಟಿಲ್ಲ. ಹೆಸರು ಹೇಳಲ್ಲ" ಅಂದಳು. ಹೆಸರು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಕಾರ್ಪೆಟ್ಟು ನೋಡತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ಒಂದೇ ಮೊರೆಗೆ ವಾದಿ ಪ್ರತಿವಾದಿಗಳಿಬ್ಬರೂ ಆಮೆನ್ ಅಂದರೆ ದೇವರಾದರೂ ಏನು ಮಾಡಿಯಾನು?

ಅಷ್ಟರಲ್ಲಿ ಲಿಲ್ಲಿಯ ಪುಟ್ಟ ಮಗಳು ಮಾಮಿಯ ಸೆರಗೆಳೆದು, "ಅಜ್ಜಿ, ಐ ಆಮ್ ಹಂಗ್ರಿ" ಅಂದಳು. ಮಾಮಿ ಮಗುವನ್ನು ನೋಡಿದರು, ತೆರೆದಿಟ್ಟ ಪುಟವನ್ನು ನೋಡಿದರು, ಗಡಿಬಿಡಿಯಿಂದ ಮತ್ತೆ ಕಣ್ಣು ಮುಚ್ಚಿದರು.

"ಕರ್ತನೇ, ಆಗ ಹೇಳಿದ್ದನ್ನು ಸ್ವಲ್ಪ ನಿಲ್ಲಿಸು. ಮೊದಲು ಮಗುವಿಗೆ ಊಟ ಆಗಲಿ." ಆಮೇಲೆ, ಕಣ್ಣು ತೆರೆಯದೆಯೇ, "ಲಿಲ್ಲಿ, ಮೊದಲ ಚರಣ ನೀನು ಎತ್ತು ಮಾರಾಯ್ತಿ. ಎರಡನೆಯದಕ್ಕೆ ನಾನಿದ್ದೇನೆ."

ಆ ಕ್ರಿಸ್‌ಮಸ್‌ಗೆ ಲಿಲ್ಲಿ ಹಾಡು ಎತ್ತಿದಳು. ಎರಡನೆಯ ಚರಣಕ್ಕೆ ಸೇರಿಕೊಂಡ ಮಾಮಿ ಹಾಡನ್ನೂ ಕೀಬೋರ್ಡನ್ನೂ ತಮ್ಮ ನಿಧಾನಕ್ಕೆ ಎಳೆದುಕೊಂಡರು. ಪ್ರಾರ್ಥನೆ ಫಲಿಸಿತ್ತು, ಯಾರದೆಂಬುದನ್ನು ದೇವರೇ ಬಲ್ಲ.