ಆಯೋಗದ ಮೇಜಿನ ಮೇಲೆ ಎರಡು ರೊಟ್ಟಿ

ಕಳೆದ ತಿಂಗಳು ನಾನೊಂದು ಘನಕಾರ್ಯ ಮಾಡಿದೆ. ಒಬ್ಬ ಹೆಣ್ಣುಮಗಳ ಕೈಗೆ ಇಲ್ಲದ ಕಾನೂನೊಂದನ್ನು ಕೊಟ್ಟು, ಕರೆಂಟಿನ ದರ ನಿಗದಿ ಮಾಡುವ ಆಯೋಗದ ಮುಂದೆ ನಿಲ್ಲಿಸಿಬಿಟ್ಟೆ.

ಗಾಬರಿಯಾಗಬೇಡಿ, ಅವರು ಪಾರಾದರು. ನಾನು ಇನ್ನೂ ಚೇತರಿಸಿಕೊಳ್ಳುತ್ತಿದ್ದೇನೆ.

ಅವರ ಹೆಸರು ನೀಲಕ್ಕ, ಊರು ಹುಬ್ಬಳ್ಳಿಯ ಬೆಂಗೇರಿ. ಗೋಪನಕೊಪ್ಪದ ನಮ್ಮ ಮನೆಗೆ ಹತ್ತು ವರ್ಷಗಳಿಂದ ಅವರದೇ ಜೋಳದ ರೊಟ್ಟಿ. (ನನ್ನ ಹೆಂಡತಿಗೆ ರೊಟ್ಟಿ ಬರುವುದಿಲ್ಲ ಎಂದಲ್ಲ. ಅವಳ ರೊಟ್ಟಿ ದಪ್ಪ ಎಂದು ನಾನು ಒಮ್ಮೆ ಅಂದೆ, ಅಷ್ಟೆ.) ಮೊದಲೆಲ್ಲ ನೀಲಕ್ಕ ಕೈಯಲ್ಲೇ ಬಡಿಯುತ್ತಿದ್ದರು. ಎರಡು ವರ್ಷದ ಹಿಂದೆ ಬಲಗೈ ರಟ್ಟೆ ಹಿಡಿದುಕೊಂಡಿತು. ಇನ್ನು ದಿನಾ ರೊಟ್ಟಿ ಬಡಿಯುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಆಗ ಸಣ್ಣದೊಂದು ರೊಟ್ಟಿ ಮಷಿನ್ ತಂದು ಅಡುಗೆಮನೆಯ ಮೂಲೆಗಿಟ್ಟರು. ಸಂಸಾರ ಮತ್ತೆ ಹಳಿಗೆ ಬಂತು.

ಒಂದು ದಿನ ಬಿಲ್ ಕೊಡಲು ಬಂದಾತ ಆ ಮಷಿನ್ ನೋಡಿದ. "ಇದು ಮನಿ ಅಲ್ಲಬೇ, ಧಂದೆ. ಮೀಟರ್ ಕಮರ್ಷಿಯಲ್‌ಗೆ ಹೋಗತೈತಿ" ಎಂದ. ಹಾಗಾದರೆ ಮನೆಗೆ ಸಿಗುವ ಉಚಿತ ಯೂನಿಟ್ ಹೋಯಿತು, ಯೂನಿಟ್ಟಿನ ರೇಟೂ ಏರಿತು. ಮಷಿನ್ ನಿಲ್ಲಿಸಿದರೆ ರಟ್ಟೆ ಇಲ್ಲ, ಓಡಿಸಿದರೆ ಮಾರಿದ್ದರಲ್ಲಿ ಏನೂ ಉಳಿಯುವುದಿಲ್ಲ.

ನೀಲಕ್ಕ ನಮ್ಮ ಮನೆಗೆ ರೊಟ್ಟಿ ಕೊಡಲು ಬಂದು ಇದನ್ನು ಹೇಳಿದಾಗ ನಾನು ಮೊಬೈಲಿನಲ್ಲಿ ಅಮೆರಿಕದ ಸುದ್ದಿ ಓದುತ್ತಿದ್ದೆ. ಅಲ್ಲಿ ಎಐ ಡೇಟಾ ಸೆಂಟರುಗಳು ಬಂದಲ್ಲೆಲ್ಲ ಕರೆಂಟಿನ ಗಲಾಟೆ ಶುರುವಾಗಿದೆಯಂತೆ. ಸಾವಿರಾರು ಕಂಪ್ಯೂಟರುಗಳು ಹಗಲಿರುಳು ಓಡುವ ಕಟ್ಟಡಗಳು ಅವು. ಓಡಲು ಕರೆಂಟು, ಬಿಸಿಯಾದದ್ದನ್ನು ತಂಪು ಮಾಡಲು ಮತ್ತೆ ಕರೆಂಟು. ತಮ್ಮ ಮನೆಯ ಬಿಲ್ ಏರಿದ್ದು ಇದರಿಂದಲೇ ಎಂದು ಜನ ಸಿಟ್ಟಾಗಿದ್ದಾರೆ. ಸಿಕ್ಕಿದ್ದೇ ಅವಕಾಶ ಎಂದು ನಾನು ಭಾಷಣ ಶುರು ಮಾಡಿದೆ.

"ನೋಡ್ರಿ ನೀಲಕ್ಕ, ಅಲ್ಲಿ ಕೆಲವು ರಾಜ್ಯದಾಗ ಕರೆಂಟ್ ರೇಟ್ ನಿಗದಿ ಮಾಡೋರನ್ನ ಮಂದಿನ ಓಟ್ ಹಾಕಿ ಆರಿಸ್ತಾರ. ರೇಟ್ ಏರಿಸಿದ್ರ ಮನಿಗೆ ಕಳಸ್ತಾರ."

"ನಮ್ಮಲ್ಲಿ ಓಟ್ ಇಲ್ಲೇನ್ರಿ?"

"ಇಲ್ಲ. ಸರ್ಕಾರನ ನೇಮಿಸತೈತಿ."

"ಹೋಗ್ಲಿ, ಮಾತಾಡಾಕರ ಬಿಡತಾರೋ ಇಲ್ಲೋ?"

ಬಿಡುತ್ತಾರೆ. ದರ ಬದಲಿಸುವ ಮೊದಲು ಆಯೋಗ ಊರೂರಿಗೆ ಬಂದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ನೀವು, ನಾನು, ಯಾರು ಬೇಕಾದರೂ ಆಕ್ಷೇಪಣೆ ಬರೆದುಕೊಟ್ಟು ಮಾತಾಡಬಹುದು. ಪೇಪರಿನಲ್ಲಿ ಸಣ್ಣ ಅಕ್ಷರದ ಪ್ರಕಟಣೆಯೂ ಬರುತ್ತದೆ. ಪೇಪರಿಗೇ ಬರೆಯುವ ನಾನು ಅದನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ.

"ಅರ್ಜಿ ನಾ ಬರದು ಕೊಡತೇನಿ" ಎಂದೆ. ಬರೆದದ್ದು ನಾನಲ್ಲ, ಎಐ. ಎರಡು ಸಾಲು ಟೈಪ್ ಮಾಡಿದೆ, ನಾಲ್ಕು ಪುಟ ಉದುರಿತು. (ಹೌದು, ಡೇಟಾ ಸೆಂಟರಿನ ಕರೆಂಟಿನಲ್ಲೇ.) ಕಲಂ, ಉಪಕಲಂ, ನಿಯಮ, ತೀರ್ಪು, ಏನುಂಟು ಏನಿಲ್ಲ. ಓದಿಸಿಕೊಂಡ ನೀಲಕ್ಕ, "ಭಾಳ ಛಲೋ ಐತ್ರಿ ಸರ್. ನನಗೇನೂ ತಿಳೀಲಿಲ್ಲ" ಎಂದರು. ಅದನ್ನು ಹೊಗಳಿಕೆ ಎಂದುಕೊಂಡೆ.

ವಿಚಾರಣೆ ಹುಬ್ಬಳ್ಳಿಯಲ್ಲೇ ಇತ್ತು. ದೊಡ್ಡ ಸಭಾಂಗಣ, ಬೆರಳೆಣಿಕೆಯಷ್ಟು ಜನ. ಮೊದಲು ಎದ್ದವರು ಕೋಟು ತೊಟ್ಟ ಒಬ್ಬ ಯುವಕ. ಈ ಭಾಗಕ್ಕೆ ಎಐ ಡೇಟಾ ಸೆಂಟರ್ ತರುವ ಕಂಪನಿಯೊಂದರ ಪರವಾಗಿ ಬಂದಿದ್ದರು. ಪರದೆಯ ಮೇಲೆ ಚೆಂದದ ಚಿತ್ರಗಳು. ಒಂದು ಕ್ಷಣವೂ ನಿಲ್ಲದ ಕರೆಂಟು ಬೇಕು, ದರದಲ್ಲಿ ರಿಯಾಯಿತಿಯೂ ಬೇಕು ಎಂದರು. ಮಾತು ಮೃದುವಾಗಿತ್ತು, ತಪ್ಪು ಹುಡುಕುವಂತಿರಲಿಲ್ಲ.

ಆಮೇಲೆ ನೀಲಕ್ಕ. ಅರ್ಜಿಯ ಮೊದಲ ಪುಟ ನೋಡಿದ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಇದು ಯಾವ ಕಲಂ ಅಮ್ಮಾ? ಇಂಥದ್ದೊಂದು ಕಾಯ್ದೆಯಲ್ಲೇ ಇಲ್ಲವಲ್ಲ."

ನಾನು ಚಾವಣಿ ನೋಡತೊಡಗಿದೆ. ಅಲ್ಲಿ ಫ್ಯಾನುಗಳು ಚೆನ್ನಾಗಿಯೇ ತಿರುಗುತ್ತಿದ್ದವು.

ನೀಲಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕೂ ಪುಟ ಮಡಚಿ ಬಗಲಿಗಿಟ್ಟು, ಚೀಲದಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿದರೆ, ರೊಟ್ಟಿ.

ನಮ್ಮ ಕಡೆಯ ಹೆಣ್ಣುಮಕ್ಕಳು ದೊಡ್ಡವರ ಹತ್ತಿರ ಬರಿಗೈಯಲ್ಲಿ ಹೋಗುವುದಿಲ್ಲ. ಇಲ್ಲಿ ಅದು ನಡೆಯುವುದಿಲ್ಲ ಎಂದು ಹೇಳಬೇಕಿದ್ದ ನಾನು ಕಲಂಗಳ ಭರಾಟೆಯಲ್ಲಿ ಮರೆತಿದ್ದೆ. ಅಧ್ಯಕ್ಷರ ಮುಖ ಗಂಭೀರವಾಯಿತು. "ಇಲ್ಲಿ ನಾವು ಏನೂ ತಗೊಳ್ಳೋ ಹಾಗಿಲ್ಲಮ್ಮ. ತೆಗೀರಿ."

ನೀಲಕ್ಕ ಗಂಟು ಕಟ್ಟಲಿಲ್ಲ. ಅದರಿಂದ ಎರಡು ರೊಟ್ಟಿ ಆರಿಸಿ ಎರಡೂ ಕೈಯಲ್ಲಿ ಹಿಡಿದರು. ಬಲಗೈ ಎಡಗೈಗಿಂತ ಕೆಳಗೇ ಉಳಿಯಿತು.

"ತಿನ್ನಾಕ ಬ್ಯಾಡ್ರಿ ಸಾಹೇಬ್ರ, ನೋಡ್ರಿ. ಇದು ಕೈಲೆ ಬಡದದ್ದು. ಇದು ಮಷಿನ್‌ದು. ಅದ ಹಿಟ್ಟು, ಅದ ಒಲಿ, ಅದ ಅಡಗಿಮನಿ. ಕೈಲೆ ಬಡದ್ರ ಮನಿ ಅಂತೀರಿ, ಮಷಿನ್‌ಲೆ ಒತ್ತಿದ್ರ ಅಂಗಡಿ ಅಂತೀರಿ. ನಾ ಏನ್ ಬದಲಾಗೇನ್ರಿ? ನನ್ನ ರಟ್ಟಿ ಒಂದ ಬದಲಾಗೇತಿ."

ನೀಲಕ್ಕ ಕೋಟಿನ ಯುವಕನ ಕಡೆ ತಿರುಗಿದರು. "ತಮ್ಮಾ, ನಿಮ್ಮ ಮಷಿನ್ ಏನ್ ಮಾಡತಾವ?"

"ಜನ ಕೇಳೋ ಪ್ರಶ್ನೆಗೆಲ್ಲ ಉತ್ತರ ಕೊಡ್ತವೆ ಅಮ್ಮ."

"ಹಂಗಾರ ಇದೊಂದ ಕೇಳಿ ನೋಡಪಾ. ನಿಮಗ ಕಡಿಮಿ ಮಾಡಿದ್ದನ್ನ ಯಾರ ಬಿಲ್‌ಗೆ ಹಾಕ್ತಾರ ಅಂತ."

ಆ ಯುವಕ ಪಾಪ, ತಲೆ ತಗ್ಗಿಸಿ ನಕ್ಕುಬಿಟ್ಟರು. ಅಧ್ಯಕ್ಷರು ನಗಲಿಲ್ಲ. ಪಕ್ಕದವರಿಗೆ, "ಎರಡನ್ನೂ ಬರ್ಕೊಳ್ಳಿ. ರೊಟ್ಟಿ ವಿಷಯಾನೂ, ಈ ಪ್ರಶ್ನೇನೂ" ಎಂದರು.

ಅಲ್ಲಿ ಕೂತಾಗ ನನಗೆ ಹೊಳೆದದ್ದು ಬೇರೆ. ಆ ಕಟ್ಟಡಗಳು ಉತ್ತರಿಸುವ ಪ್ರಶ್ನೆಗಳು ಯಾರವು? ನನ್ನವೇ. ಹಿಂದಿನ ವಾರವಷ್ಟೇ ಬೆಂಡೆಕಾಯಿ ಲೋಳೆ ಬಿಡದಂತೆ ಹುರಿಯುವುದು ಹೇಗೆ ಎಂದು ಎಐಗೆ ಕೇಳಿದ್ದೆ. ಹೆಂಡತಿ ಪಕ್ಕದಲ್ಲೇ ಇದ್ದಳು. ಡೇಟಾ ಸೆಂಟರ್ ಬೇಡ ಎನ್ನುವ ಯೋಗ್ಯತೆ ನನಗಿಲ್ಲ. ಬರಲಿ, ನಾಲ್ಕು ಜನರಿಗೆ ಕೆಲಸವೂ ಸಿಗಲಿ. ಆದರೆ ನನ್ನ ಬೆಂಡೆಕಾಯಿಯ ಕರೆಂಟಿನ ಖರ್ಚನ್ನು ನೀಲಕ್ಕನ ರೊಟ್ಟಿಗೆ ಹಚ್ಚುವುದು ಯಾವ ನ್ಯಾಯ?

ಹೊರಗೆ ಬಂದ ಮೇಲೆ ಕ್ಷಮೆ ಕೇಳಿದೆ, ಸಾಕ್ಷಿಗೆಂದು ರೊಟ್ಟಿ ತಂದ ಅವರ ಉಪಾಯವನ್ನು ಹೊಗಳಿದೆ. ನೀಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಉಪಾಯ ಎಲ್ಲೀದ್ರಿ? ಖರೇ ಅಂದ್ರ ತಿನ್ನಾಕನ ತಂದಿದ್ದೆ. ದೊಡ್ಡವರಿಗೆ ಮಷಿನ್ ರೊಟ್ಟಿ ಹೆಂಗ ಕೊಡೂದು ಅಂತ ನಾಕು ಕೈಲೆ ಬಡದೆ, ಉಳದೋರಿಗೆ ಮಷಿನ್‌ದು ತಂದೆ. ರಾತ್ರಿಯೆಲ್ಲಾ ರಟ್ಟಿ ಜಗ್ಗೇತಿ."

ವಾರದ ಬಳಿಕ ಸ್ಥಳೀಯ ಕಚೇರಿಯಿಂದ ಒಬ್ಬ ಎಂಜಿನಿಯರು ಬೆಂಗೇರಿಗೆ ಬಂದರು. ಅಡುಗೆಮನೆ ನೋಡಿದರು, ಮಷಿನ್ನಿನ ಮೋಟಾರು ನೋಡಿದರು. ಇಷ್ಟು ಸಣ್ಣದಕ್ಕೆ ಮೀಟರ್ ಬದಲಿಸಬೇಕಿಲ್ಲ, ಮನೆಯ ದರವೇ ಇರಲಿ ಎಂದು ಬರೆದುಕೊಟ್ಟು ಹೋದರು. ದೊಡ್ಡ ಪ್ರಶ್ನೆಗೆ ಆಯೋಗದ ಆದೇಶ ಇನ್ನೂ ಬರಬೇಕು. ಬರುವುದು ಹೇಗೋ ಏನೋ. ಆದರೂ ಮನೆ ಬಾಗಿಲಿಗೆ ಬಂದು ನೋಡಿದ ಆ ಎಂಜಿನಿಯರಿಗೆ, ಬರೆದುಕೊಳ್ಳಿ ಎಂದ ಆ ಅಧ್ಯಕ್ಷರಿಗೆ ನನ್ನ ನಮಸ್ಕಾರ ಇರಲಿ. ನಾನು ಸರ್ಕಾರಿ ಕಚೇರಿಗಳನ್ನು ಬೈದು ಬರೆದದ್ದೇ ಹೆಚ್ಚು, ಇವತ್ತು ಬೈಯಲು ಏನೂ ಸಿಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಋಣ ನೀಲಕ್ಕನದು. ಅವರು ಕೇಳಿದ ಪ್ರಶ್ನೆ ಅವರೊಬ್ಬರದಲ್ಲ. ಹುಬ್ಬಳ್ಳಿ ಧಾರವಾಡದಲ್ಲಿ ಮೀಟರ್ ಇರುವ ಪ್ರತಿ ಮನೆಯದು. ನೋಯುವ ಕೈಯಲ್ಲಿ ರೊಟ್ಟಿ ಎತ್ತಿ ಹಿಡಿದು, ನಮ್ಮೆಲ್ಲರ ಪರವಾಗಿ ಅದನ್ನು ಕೇಳಿದವರು ಅವರು.

ಮೊನ್ನೆ ಅವರು ಬಂದಾಗ ಇದನ್ನೇ ಹೇಳಿ ಕೈಮುಗಿದೆ. ನೀಲಕ್ಕ ರೊಟ್ಟಿ ಎಣಿಸುತ್ತ, ತಲೆ ಎತ್ತದೆ ಕೇಳಿದರು: "ನಿಮಗೂ ಬಿಲ್ ಬರತೈತಲ್ರಿ ಸರ್, ಅವತ್ತ ನೀವ್ಯಾಕ ಸುಮ್ನ ಕುಂತ್ರಿ?"