ಮೂಡು ತಪ್ಪಿದ ಇಡಿಕುಳ

ದಿಕ್ಕುಗಳು ನಾಲ್ಕು. ಆ ನಾಲ್ಕೂ ತನ್ನ ಅಪ್ಪಣೆ ಕೇಳಿಯೇ ತಮ್ಮ ತಮ್ಮ ಜಾಗದಲ್ಲಿ ನಿಂತಿವೆ ಎಂದು ಇಡಿಕುಳ ನಂಬಿದ್ದ. ತಿರುವಾಂಕೂರಿನ ಐದು ಸಂಸಾರ, ಎರಡು ಆಡು, ಒಂದು ಹೊಲಿಗೆ ಯಂತ್ರ, ಇಷ್ಟು ಸೈನ್ಯವನ್ನು ನಡೆಸಿಕೊಂಡು ಕಡಬದ ಆಚೆಯ ಕಾಡಿಗೆ ಬಂದ ದಂಡನಾಯಕ ಅವನು. ನಕಾಶೆ ಇರಲಿಲ್ಲ. ದಾರಿಯಲ್ಲಿ ಯಾರನ್ನೂ ಕೇಳಲೂ ಇಲ್ಲ. ಕೇಳದ್ದರಿಂದಲೇ ನಾಲ್ಕು ದಿನ ತಡವಾಯಿತು ಎಂದು ಹೆಂಡತಿ ಏಲಿಕುಟ್ಟಿ ಹೇಳುತ್ತಿದ್ದಳು. ದಂಡಯಾತ್ರೆಯ ಚರಿತ್ರೆಯಲ್ಲಿ ಇಂಥ ಮಾತುಗಳಿಗೆ ಜಾಗವಿಲ್ಲ.

ಅವಳಿಗೆ ಅದು ಮೂರನೆಯ ವಲಸೆ. ಮದುವೆಯಾದ ವರ್ಷ ಬೆಟ್ಟದ ಸೀಮೆಗೆ, ಅಲ್ಲಿಂದ ವಯನಾಡಿಗೆ, ವಯನಾಡಿನಿಂದ ಇಲ್ಲಿಗೆ. ಪ್ರತಿ ಸಲವೂ ಅವಳು ಹೂಡಿದ ಒಲೆಯ ಮಣ್ಣು ಗಟ್ಟಿಯಾಗುವ ಹೊತ್ತಿಗೆ ಗಂಡ ಬಾಗಿಲಲ್ಲಿ ನಿಂತು ಇನ್ನೊಂದು ದಿಕ್ಕಿಗೆ ಬೆರಳು ತೋರಿಸುತ್ತಿದ್ದ. ಇಲ್ಲಿಯ ಭಾಷೆ ಅವಳ ಬಾಯಿಗೆ ಹತ್ತಲಿಲ್ಲ. ಕಡಬದ ಸಂತೆಗೆ ಹೋದರೆ ಗಂಡನ ಅಂಗಿಯ ತುದಿ ಹಿಡಿದೇ ನಡೆಯುವಳು. ಕೈ ತಪ್ಪಿದರೆ ಎತ್ತ ಹೋಗಬೇಕೆಂದು ತಿಳಿಯದೆ ನಿಂತಲ್ಲೇ ನಿಲ್ಲುವಳು.

ಬಂದು ಇನ್ನೂ ನಾಲ್ಕೇ ತಿಂಗಳಾಗಿತ್ತು. ೧೯೫೬ರ ಆಟಿ ತಿಂಗಳ ಮಳೆಯಲ್ಲಿ ಏಲಿಕುಟ್ಟಿಗೆ ಚಳಿಜ್ವರ ಹಿಡಿಯಿತು. ಒಂಬತ್ತನೆಯ ದಿನ ಅವಳು ಗಂಡನ ಕೈ ಹಿಡಿದುಕೊಂಡಳು.

"ಇನ್ನು ನನ್ನನ್ನು ಎಲ್ಲಿಗೂ ಎಬ್ಬಿಸಿಕೊಂಡು ಹೋಗಬೇಡಿ. ಮಾತು ಕೊಡಿ."

"ಕೊಟ್ಟೆ. ಈಗ ಗಂಜಿ ಕುಡಿ."

"ಕರ್ತನು ಕರೆದರೆ ಏಳ್ತೇನೆ," ಎಂದಳು. "ನೀವು ಕರೆದರೆ ಏಳುದಿಲ್ಲ."

ಗಂಜಿ ಹಾಗೆಯೇ ಆರಿತು.

ಇಗರ್ಜಿ ಇದ್ದದ್ದು ತುಂಬಿದ ಹೊಳೆಯ ಆಚೆ, ಹತ್ತು ಮೈಲು ದೂರದಲ್ಲಿ. ಪಾದ್ರಿ ಬರುವಂತಿರಲಿಲ್ಲ, ಹೆಣ ಹೋಗುವಂತಿರಲಿಲ್ಲ. ಗುಡ್ಡದ ಮಗ್ಗುಲಲ್ಲಿ ಹೊಸದಾಗಿ ಕಾಡು ಕಡಿದ ಜಾಗದಲ್ಲೇ ಹೂಳುವುದೆಂದಾಯಿತು. ಅವರಲ್ಲಿ ಅದಕ್ಕೊಂದು ಕ್ರಮವಿದೆ: ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕಡೆಯ ದಿನ ಕರ್ತನು ಪೂರ್ವದಿಂದ ಬರುತ್ತಾನೆ. ಮಣ್ಣಿನಿಂದ ಎದ್ದು ಕುಳಿತವರಿಗೆ ಮೊದಲು ಕಾಣುವುದು ಅವನ ಮುಖವಾಗಿರಬೇಕು.

ಸೂರ್ಯನನ್ನು ಕಂಡು ಹದಿನೈದು ದಿನವಾಗಿತ್ತು. ಆದರೆ ಸೂರ್ಯನ ನೆರವು ಬೇಕಾಗುವುದು ಸಾಮಾನ್ಯರಿಗೆ. ಇಡಿಕುಳ ಪಕ್ಕದಲ್ಲಿ ಕೆಂಪಾಗಿ ಹರಿಯುತ್ತಿದ್ದ ತೋಡನ್ನು ನೋಡಿದ. ಅವನ ಊರಿನಲ್ಲಿ ಹರಿಯುವ ನೀರೆಲ್ಲ ಪಶ್ಚಿಮದ ಸಮುದ್ರಕ್ಕೇ ಹೋಗುವುದು.

"ನೀರು ಹೋಗುವ ಕಡೆಗೆ ತಲೆ," ಎಂದ.

ಹಾರೆ ಹಿಡಿದು ಸಹಾಯಕ್ಕೆ ಬಂದಿದ್ದ ನೆರೆಯ ಡೊಂಬಯ್ಯ ಗೌಡ, ಅವರ ಭಾಷೆಯಲ್ಲೇ ಅಣ್ಣ ಎಂದು ಕರೆದು, ಮೆಲ್ಲಗೆ ಕೇಳಿದ: "ಚೇಟಾ, ಮೂಡು ಆ ಕಡೆಯಲ್ಲವಾ?"

"ದಿಕ್ಕಿನ ವಿಷಯ ನನಗೆ ಬಿಡಿ, ಗೌಡ್ರೆ."

ಡೊಂಬಯ್ಯ ಬಿಟ್ಟ. ಹೆಂಡತಿಯನ್ನು ಕಳೆದುಕೊಂಡವನ ಹತ್ತಿರ ಯಾರು ವಾದ ಮಾಡುತ್ತಾರೆ?

ಹನ್ನೆರಡು ದಿನದ ಮೇಲೆ ಮಳೆ ಬಿಟ್ಟ ಬೆಳಿಗ್ಗೆ ಇಡಿಕುಳ ಗೋರಿಯ ಬಳಿ ನಿಂತಿದ್ದ. ತಲೆಯ ಕಡೆ ನೆಟ್ಟ ಹಲಸಿನ ಶಿಲುಬೆಯ ಹಿಂದಿನಿಂದ ಸೂರ್ಯ ನಿಧಾನವಾಗಿ ಮೇಲೆ ಬಂದ. ಇಡಿಕುಳ ಮೊದಲು ಸೂರ್ಯನನ್ನೇ ಸಂಶಯದಿಂದ ನೋಡಿದ. ಆಮೇಲೆ ತೋಡಿನ ಗುಂಟ ನಡೆದು ಹೋದ. ಗುಡ್ಡವನ್ನು ಸುತ್ತುವುದಕ್ಕೆ ಆ ನೀರು ಸರಿಯಾಗಿ ಅಲ್ಲೇ ಒಂದು ಫರ್ಲಾಂಗು ಪೂರ್ವಕ್ಕೆ ಹರಿದು, ಮತ್ತೆ ತನ್ನ ದಾರಿ ಹಿಡಿದಿತ್ತು. ಏಲಿಕುಟ್ಟಿ ಕರ್ತನಿಗೆ ಬೆನ್ನು ಹಾಕಿ ಮಲಗಿದ್ದಳು. ಇಡಿಕುಳ ನೀರಿನ ಬದಿಯಲ್ಲಿ ಕುಕ್ಕರಿಸಿದವನು ಮಧ್ಯಾಹ್ನದವರೆಗೆ ಏಳಲಿಲ್ಲ.

ಹೊಳೆ ಇಳಿದ ಮೇಲೆ ಗೋರಿಯನ್ನು ಆಶೀರ್ವದಿಸಲು ಪಾದ್ರಿ ಬಂದರು. ಅವರನ್ನು ಇವರೆಲ್ಲ ಅಚ್ಚ ಎಂದು ಕರೆಯುವುದು. ವಿಷಯ ಕೇಳಿ ಅಚ್ಚ ನಕ್ಕರು.

"ಕರ್ತನಿಗೆ ದಿಕ್ಕು ತಪ್ಪುದಿಲ್ಲ, ಇಡಿಕುಳ."

"ಅವನಿಗೆ ತಪ್ಪುದಿಲ್ಲ ಅಚ್ಚ. ಏಲಿಗೆ ತಪ್ತದೆ. ಅವಳು ಎದ್ದು ನೋಡುವಾಗ ಎದುರಿಗೆ ಯಾರೂ ಇರುದಿಲ್ಲ."

ಅಚ್ಚನ ನಗು ನಿಂತಿತು. "ಹಾಗಾದರೆ ತೆಗೆದು ತಿರುಗಿಸಿ ಮಲಗಿಸುವ. ನಾನೇ ಪ್ರಾರ್ಥನೆ ಹೇಳ್ತೇನೆ."

"ಎಬ್ಬಿಸುದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

ಅಲ್ಲಿಂದ ದಂಡನಾಯಕ ಬೆರಳು ತೋರಿಸುವುದನ್ನು ಬಿಟ್ಟ. ಕಡಬದ ಕೂಡುರಸ್ತೆಯಲ್ಲಿ ಯಾರಾದರೂ ಸಂತೆಯ ದಾರಿ ಕೇಳಿದರೆ, ದಾರಿ ಎದುರಿಗೇ ಇದ್ದರೂ, "ಬೇರೆ ಯಾರನ್ನಾದರೂ ಕೇಳಿ" ಎನ್ನುವನು. ರಬ್ಬರ್ ನೆಟ್ಟ, ಮರಗೆಣಸು ಕಿತ್ತ, ಇನ್ನೊಂದು ಮದುವೆಯ ಮಾತು ಬಂದಾಗ ಎದ್ದು ಹೋದ. ಪ್ರತಿ ವರ್ಷ ಈಸ್ಟರ್ ಪೂಜೆ ಮುಗಿಸಿ, ಊರೆಲ್ಲ ಹಬ್ಬದೂಟಕ್ಕೆ ಕೂತಾಗ, ಅವನು ಗೋರಿಯ ಹತ್ತಿರ ಕೂತು ಏನೋ ಹೇಳುತ್ತಿದ್ದ. ಒಮ್ಮೆ ಡೊಂಬಯ್ಯನ ಕಿವಿಗೆ ಬಿತ್ತು: "ಎದ್ದ ಕೂಡಲೇ ಹಿಂದೆ ತಿರುಗು, ಏಲಿ."

"ನಮ್ಮಲ್ಲಿ ತಲೆ ತೆಂಕಕ್ಕೆ ಇಟ್ಟು ಸುಟ್ಟುಬಿಡುದು, ಮಾರಾಯ್ರೆ," ಎಂದ ಡೊಂಬಯ್ಯ. "ಏಳುವ ರಗಳೆಯೇ ಇಲ್ಲ. ಬೇಕಾದರೆ ಇನ್ನೊಮ್ಮೆ ಹುಟ್ಟುದು."

"ಇನ್ನೊಮ್ಮೆ ಹುಟ್ಟಿದರೆ ಬೇರೆ ಯಾರೋ ಆಗಿ ಬರುದಲ್ಲವಾ? ನನಗೆ ಇವಳೇ ಬೇಕು. ಇದೇ ಮುಖ, ಇದೇ ಬೈಗಳು."

ಹನ್ನೊಂದು ವರ್ಷದ ಹಿಂದೆ ಇನ್ನೊಂದು ಮಾತು ಹೆಚ್ಚಿಗೆ ಆಡಿದ್ದರೆ, ಎಂದು ಡೊಂಬಯ್ಯನಿಗೂ ಅನ್ನಿಸುತ್ತಿತ್ತು.

ಇಡಿಕುಳ ಎದ್ದು ಗೋರಿಯ ಕಾಲಿನ ಕಡೆ ಹೋಗಿ ನಿಂತ. "ನನ್ನನ್ನು ಇಲ್ಲಿ ಇಡಿ, ಗೌಡ್ರೆ. ಅಚ್ಚ ಒಪ್ಪಿದ್ದಾರೆ. ನನ್ನ ಕಾಲು ಅವಳ ಕಾಲಿನ ಕಡೆಗೆ. ನಾನು ಕ್ರಮದ ಪ್ರಕಾರ ಮೂಡಕ್ಕೆ ಏಳ್ತೇನೆ, ಅವಳು ಪಡುವಕ್ಕೆ. ಎದ್ದವಳಿಗೆ ಮೊದಲು ನಾನು ಕಾಣ್ತೇನೆ. ಗಾಬರಿ ಆಗುದಿಲ್ಲ."

"ಕಂಡು?"

"ಹಿಂದೆ ತಿರುಗು ಅಂತ ಹೇಳ್ತೇನೆ."

"ನೀವು ತೋರಿಸಿದ ದಿಕ್ಕಿಗೆ ಅವರು ಇನ್ನೂ ತಿರುಗಿಯಾರಾ, ಚೇಟಾ?"

ಇಡಿಕುಳ ಬಗ್ಗಿ ಗೋರಿಯ ಮೇಲಿನ ಹುಲ್ಲು ಕಿತ್ತ. "ಅದೊಂದೇ ಹೆದರಿಕೆ," ಎಂದ.

ಅದೇ ವರ್ಷ, ೧೯೬೭ರ ಆಟಿಯಲ್ಲಿ, ಅದೇ ಬಗೆಯ ಜ್ವರ ಅವನನ್ನೂ ಕೊಂಡೊಯ್ದಿತು. ಆಕಾಶ ಮತ್ತೆ ಕಪ್ಪು. ಈ ಸಲ ಸೇತುವೆ ಇತ್ತು, ಅಚ್ಚ ಬಂದರು. "ಮೂಡು ಯಾವ ಕಡೆ?" ಎಂದು ಕೇಳಿದ್ದೇ ತಡ, ಕೊಡೆಗಳ ಕೆಳಗಿನಿಂದ ನಾಲ್ಕು ಕೈ ನಾಲ್ಕು ಕಡೆಗೆ ಎದ್ದವು.

ಡೊಂಬಯ್ಯ ಆಕಾಶವನ್ನೂ ನೋಡಲಿಲ್ಲ, ತೋಡನ್ನೂ ನೋಡಲಿಲ್ಲ. ಏಲಿಕುಟ್ಟಿಯ ಕಾಲಿನ ಕಡೆ ಬಂದು ಹಾರೆ ಊರಿದ.

"ಇವರ ಕಾಲು ಆ ಅಮ್ಮನ ಕಾಲಿಗೆ ಎದುರಾಗಿ. ಮೂಡು ತನ್ನಷ್ಟಕ್ಕೆ ಸರಿಯಾಗ್ತದೆ."

"ನಡುವೆ ಎಷ್ಟು ಬಿಡುದು?" ಎಂದರು ಅಚ್ಚ.

"ಹೆಚ್ಚು ಬೇಡ," ಎಂದ ಡೊಂಬಯ್ಯ. "ಎದ್ದ ಕೂಡಲೇ ಆ ಅಮ್ಮನಿಗೆ ಇವರ ಅಂಗಿಯ ತುದಿ ಎಟಕಬೇಕು."